ಮೊದಲು ಬೆಟ್ಟ, ಆಮೇಲೆ ಹೆಸರು

ನನ್ನ ತಮ್ಮನಿಗೆ ತನ್ನ ಹೆಸರು ಹೇಳಲು ಬರುವುದಿಲ್ಲ. ಇಲ್ಲಿ ಮಲೇಷ್ಯಾದ ಬಯಾನ್ ಲೆಪಾಸಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತನಾದ ಮನುಷ್ಯ. ಆದರೂ ಹೆಸರೇನು ಎಂದರೆ ಬೆಟ್ಟದಿಂದ ಶುರು ಮಾಡುತ್ತಾನೆ.

ಕಾರಣ, ನ್ಯೂಜಿಲೆಂಡಿನ ಮೂಲಜನರ ಮಾವೋರಿ ಭಾಷೆ. ಕಾರ್ಖಾನೆಯಲ್ಲಿದ್ದ ಮಾವೋರಿ ಗೆಳೆಯನೊಬ್ಬ ಹಚ್ಚಿದ ಹುಚ್ಚು. ಆ ಜನ ಸಭೆಯಲ್ಲಿ ಮೊದಲು ತಮ್ಮ ಬೆಟ್ಟ, ನದಿ, ಹಿರಿಯರು ಸಮುದ್ರ ದಾಟಿ ಬಂದ ದೋಣಿ ಇವುಗಳನ್ನು ಹೇಳಿ, ಕೊನೆಗೆ ಹೆಸರು ಹೇಳುತ್ತಾರಂತೆ. ಹೇಳಲಿ. ಆದರೆ ನಾವು ಹೋದದ್ದು ಸುಬಾಂಗ್ ಜಯಾದ ಹಲ್ಲಿನ ಡಾಕ್ಟರ ಹತ್ತಿರ.

"ಹೆಸರು, ಅಂಕಲ್?" ಎಂದಳು ಕೌಂಟರಿನ ಹುಡುಗಿ.

"ನನ್ನ ಬೆಟ್ಟ ಚಾಮುಂಡಿ. ನನ್ನ ನದಿ ಕಪಿಲೆ. ನನ್ನ ದೋಣಿ ಅಗ್ಗದ ಟಿಕೆಟ್ಟಿನ ವಿಮಾನ."

"ಅಡ್ರೆಸ್ ಆಮೇಲೆ ಲಾ, ಅಂಕಲ್. ಹಿಂದೆ ಕ್ಯೂ ಇದೆ."

ಶನಿವಾರದ ಸಂತೆಯಲ್ಲಿ ಇನ್ನೊಂದು ಫಜೀತಿ. ಮೊಟ್ಟೆಯೂ ಹೊಸ್ತಿಲು ದಾಟದ ಮನೆ ನಮ್ಮದು. ಇವನು ಮೀನಿನಂಗಡಿಯ ಮುಂದೆಯೇ ನಿಲ್ಲಬೇಕೆ? ಇಲ್ಲಿನ ಮಲಯ ಭಾಷೆಯಲ್ಲಿ ಮೀನು ಇಕಾನ್, ಮಾವೋರಿಯಲ್ಲಿ ಇಕಾ. ಐದು ಇಲ್ಲಿ ಲಿಮಾ, ಅಲ್ಲಿ ರಿಮಾ. ಕಣ್ಣು ಎರಡರಲ್ಲೂ ಮಾತಾ. "ಒಂದೇ ಮನೆತನ ಅಕ್ಕ, ದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ ಹೋಗಿದೆ" ಎನ್ನುತ್ತ ಮೀನಿನ ಕಣ್ಣಿಗೇ ಬೆರಳು ತೋರಿಸುತ್ತಾನೆ.

"ಅಂಕಲ್, ನನ್ನ ಮೀನುಗಳೆಲ್ಲ ಕಣ್ಣಿನ ಪರೀಕ್ಷೆಯಲ್ಲಿ ಪಾಸಾದವು" ಎಂದ ಅಂಗಡಿಯವನು. "ನೀವು ಯಾವಾಗ ಒಂದು ಕೊಳ್ಳೋದು?"

ಆ ಭಾಷೆ ಒಮ್ಮೆ ಅಳಿವಿನ ಅಂಚಿಗೆ ಬಂದಿತ್ತಂತೆ. ಅಜ್ಜ ಅಜ್ಜಿಯರು ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಅದೊಂದನ್ನೇ ಆಡಿ ಉಳಿಸಿದರಂತೆ. ಅಂಥ ಶಿಶುವಿಹಾರಕ್ಕೆ 'ಭಾಷೆಯ ಗೂಡು' ಎಂದು ಹೆಸರು. ಇವನಿಗೆ ಅಷ್ಟು ಸಾಕಾಯಿತು. ನನ್ನ ಐದು ವರ್ಷದ ಮೊಮ್ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷ್. ನನ್ನನ್ನೂ ಗ್ರ್ಯಾನಿ ಎನ್ನುತ್ತಾಳೆ.

"ನಾಳೆಯಿಂದ ನಾಲ್ಕು ಗಂಟೆಗೆ ನಿನ್ನ ಮನೆಯೇ ಗೂಡು. ಅವಳು ಒಂದು ಕನ್ನಡ ಮಾತು ಆಡುವವರೆಗೆ ಬಿಡುವವನಲ್ಲ."

"ನಾಲ್ಕಕ್ಕೆ ನಾನು ಬಟ್ಟೆ ಮಡಿಸಬೇಕು."

"ಮಡಿಸುತ್ತಲೇ ಮಾತಾಡು."

ಮೂರು ವಾರ ಅವನು ಹಾಡಿದ, ಕುಣಿದ, ಆನೆಯಾದ. ಮಗು ಗಂಭೀರವಾಗಿ ನೋಡಿ, "ಗ್ರ್ಯಾನಿ, ಈಸ್ ಹೀ ಓಕೆ?" ಎಂದಿತು.

ಅವಳು ಹೋದ ಮೇಲೆ ಕೇಳಿದೆ: "ಆ ಭಾಷೆಗೆ ಅಂಥ ಗತಿ ಯಾಕೆ ಬಂತೋ?"

"ಶಾಲೆಯಲ್ಲಿ ಆಡಿದರೆ ಮಕ್ಕಳಿಗೆ ಹೊಡೆಯುತ್ತಿದ್ದರು" ಎಂದ, ನನ್ನ ಕಡೆ ನೋಡದೆ.

ನನ್ನ ಕೈಯ ಟವೆಲು ಅರ್ಧಕ್ಕೇ ನಿಂತಿತು. ನಮ್ಮ ಕಾನ್ವೆಂಟಿನಲ್ಲೂ ಕನ್ನಡ ಆಡುವಂತಿರಲಿಲ್ಲ. ಆಡಿದವರ ಹೆಸರು ಬರೆಯುವ ಪುಸ್ತಕ ನನ್ನ ಕೈಯಲ್ಲಿತ್ತು. ಎರಡನೇ ಕ್ಲಾಸಿನ ಇವನು ಮೈದಾನದಲ್ಲಿ ಬಿದ್ದು, ಮಂಡಿಯಿಂದ ರಕ್ತ ಸುರಿಸುತ್ತ, "ಅಕ್ಕಾ" ಎಂದು ನನ್ನತ್ತ ಓಡಿಬಂದಿದ್ದ. ನಾನು ಬರೆದುಕೊಂಡೆ. ನಿಯಮ ನಿಯಮವೇ. ಅವನ ಅಂಗೈಗೆ ಎರಡು ಏಟು ಬಿತ್ತು. ಅರವತ್ತು ವರ್ಷದಲ್ಲಿ ಒಮ್ಮೆಯೂ ಅವನು ಆ ಮಾತೆತ್ತಿಲ್ಲ.

ಮರುದಿನ ಹೊಸ ನೋಟ್‌ಬುಕ್ ತಂದು ನನ್ನ ಕೈಗಿಟ್ಟ. "ಕನ್ನಡ ಆಡಿದವರ ಹೆಸರು ಬರಿ ಅಕ್ಕ. ನಿನಗೆ ಅಭ್ಯಾಸ ಇದೆ." ನಗುತ್ತಿದ್ದ.

ನಾಲ್ಕೂ ಇಪ್ಪತ್ತಕ್ಕೆ ಆನೆಯ ಬೆನ್ನಿನಿಂದ ಮಗು ಜಾರಿ ಬಿತ್ತು. ಆಮೇಲೆ ಎರಡೂ ಕೈ ಚಾಚಿ, "ಅಜ್ಜೀ" ಎಂದು ಅತ್ತಿತು.

ತಮ್ಮ ಅಂಬೆಗಾಲಿನಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದ. ಈ ಸಲ ಮೊದಲು ಮಗುವನ್ನು ಎತ್ತಿಕೊಂಡೆ. ಹೆಸರು ಆಮೇಲೆ ಬರೆದೆ.