ನೆಲಕ್ಕಿಳಿದ ರೇಲಿಂಗು ಮತ್ತು ಅದರ ಕಾನೂನುಬದ್ಧ ಸಂತಾನ

ಅಕ್-ತೊಕೊಯ್ ಪಟ್ಟಣದ ಹೊಸ ಚಿಕಿತ್ಸಾಲಯದ ಮೆಟ್ಟಿಲಿನ ರೇಲಿಂಗು ಸಕಲ ನಿಯಮಗಳಿಗೂ ಅನುಗುಣವಾಗಿದೆ. ಎತ್ತರ ತೊಂಬತ್ತು ಸೆಂಟಿಮೀಟರ್. ಸರಳುಗಳ ನಡುವೆ ಹತ್ತು ಸೆಂಟಿಮೀಟರ್. ಬಣ್ಣ ಬೂದು. ಅದು ಮೆಟ್ಟಿಲಿನ ಮೇಲೆ ಇಲ್ಲ ಎಂಬುದೊಂದನ್ನು ಬಿಟ್ಟರೆ ಅದರಲ್ಲಿ ಯಾವ ಊನವನ್ನೂ ಇದುವರೆಗೆ ಯಾರೂ ಲಿಖಿತವಾಗಿ ತೋರಿಸಿಕೊಟ್ಟಿಲ್ಲ.

ಅದನ್ನು ಕಂಪ್ಯೂಟರಿನಲ್ಲಿ ರೂಪಿಸಿದವಳು ವಿನ್ಯಾಸ ಕಚೇರಿಯ ಕನಿಶಾಯ್. ಚುರುಕು ಹುಡುಗಿ, ಸಹಿ ಹಾಕುವ ಮುನ್ನ ಎರಡು ಸಲ ನೋಡುವವಳು. ನಕ್ಷೆ ಕಳಿಸಬೇಕಾದ ದಿನ, ಕಚೇರಿ ಮುಚ್ಚಲು ಹತ್ತು ನಿಮಿಷ ಇರುವಾಗ, ನಿರ್ದೇಶಕ ಎಸೆನ್‌ಬೆಕ್ ಬಂದು ಅವಳ ಬೆನ್ನ ಹಿಂದೆ ನಿಂತರು.

"ಮೆಟ್ಟಿಲು ತಿರುಗಿಸಮ್ಮ. ಉದ್ಘಾಟನೆ ದಿನ ಸಾಹೇಬ್ರು ಇಳಿದು ಬರೋವಾಗ ಮುಖ ಬಾಗಿಲ ಕಡೆ ಇರಬೇಕು. ಫೋಟೋದಲ್ಲಿ ಬೆನ್ನು ಬರಬಾರ್ದು."

"ಈಗ್ಲಾ ಬಾಯ್ಕೆ?" ಹಿರಿಯಣ್ಣನನ್ನು ಕರೆದ ಹಾಗೆಯೇ ಎಲ್ಲರೂ ಅವರನ್ನು ಕರೆಯುತ್ತಿದ್ದರು.

"ಈಗ್ಲೇ."

ತಿರುಗಿಸಿದಳು. ಆ ತಂತ್ರಾಂಶದಲ್ಲಿ ರೇಲಿಂಗು ಮೆಟ್ಟಿಲನ್ನು ಹಿಡಿದುಕೊಂಡಿರುತ್ತದೆ. ಮೆಟ್ಟಿಲು ಅಲುಗಾಡಿದರೆ ಒಮ್ಮೊಮ್ಮೆ ಹಿಡಿತ ಬಿಟ್ಟು ನೆಲಕ್ಕಿಳಿದು ಬೇಲಿಯ ಹಾಗೆ ನೆಟ್ಟಗೆ ನಿಂತುಬಿಡುತ್ತದೆ. ಈ ಸಲ ಗೋಡೆಯಿಂದ ಗೋಡೆಗೆ, ಮೆಟ್ಟಿಲಿನ ಮುಂದೆ ಅಡ್ಡಲಾಗಿ ನಿಂತಿತು. ಅವಳ ಕಣ್ಣಿಗೆ ಅದು ಬಿದ್ದದ್ದು ಮರುದಿನ, ನಕ್ಷೆಗೆ ಮೂರು ಮೊಹರು ಬಿದ್ದ ಮೇಲೆ.

ಅನುಮೋದನಾ ವಿಭಾಗದ ಜೂರಾ ಎಜೆಯ, ಎಂದರೆ ಜೂರಾ ಅಕ್ಕನ, ಬಳಿಗೆ ಓಡಿದಳು. ಜೂರಾ ಎಜೆ ಟೀಗೆ ಜಾಮ್ ಕದಡುತ್ತಿದ್ದರು.

"ಎಜೆ, ಒಂದೇ ಒಂದು ಗುಂಡಿ ಒತ್ತಿದ್ರೆ ಸರಿಹೋಗತ್ತೆ. ರೇಲಿಂಗು ಕೆಳಗೆ ಬಿದ್ದಿದೆ."

"ರೇಲಿಂಗು ಇದೆಯೋ, ಇಲ್ವೋ?"

"ಇದೆ. ಆದ್ರೆ ನೆಲದ ಮೇಲೆ."

ಜೂರಾ ಎಜೆ ತಪಾಸಣಾ ಪಟ್ಟಿಯನ್ನು ಅವಳ ಮುಂದೆ ಸರಿಸಿದರು. "ನೋಡು ಕಂದ. 'ಇದೆ' ಅನ್ನೋಕೆ ಒಂದು ಚೌಕ. 'ಇಲ್ಲ' ಅನ್ನೋಕೆ ಒಂದು ಚೌಕ. 'ನೆಲದ ಮೇಲೆ' ಅನ್ನೋ ಚೌಕ ಎಲ್ಲಿದೆ ತೋರಿಸು, ಗುರುತು ಹಾಕ್ತೀನಿ."

"ತಿದ್ದುಪಡಿ ಅರ್ಜಿ ಕೊಟ್ರೆ?"

"ಕೊಡು. ಮಣ್ಣು ಪರೀಕ್ಷೆಯಿಂದ ಮತ್ತೆ ಶುರು. ಕಟ್ಟಡ ಇಲ್ಲದ ಖಾಲಿ ಜಾಗದ ಮಣ್ಣೇ ಆಗ್ಬೇಕು. ಅಲ್ಲಿ ಪಾಯ ಹಾಕಿ ಆಗಿದೆಯಲ್ಲ?"

ಆಗಿತ್ತು.

ಗುತ್ತಿಗೆದಾರ ಜೊಲ್ದೊಶ್ ನಕ್ಷೆಗೆ ನಿಷ್ಠನಾದ ಮನುಷ್ಯ. ನಕ್ಷೆಯಲ್ಲಿದ್ದಂತೆಯೇ ಕಟ್ಟಿದ. ರೇಲಿಂಗಿನ ಎರಡು ತುದಿಯನ್ನೂ ಗೋಡೆಯೊಳಗೆ ಹೂತು, ಭೂಕಂಪಕ್ಕೂ ಜಗ್ಗದ ಹಾಗೆ ಬೆಸೆದ. ಮೆಟ್ಟಿಲಿನ ಪಕ್ಕ ಹಿಡಿಯಲು ಏನೂ ಇರಲಿಲ್ಲ. ಆದರೆ ಅದರ ಹತ್ತಿರಕ್ಕೇ ಯಾರೂ ಹೋಗಲು ಸಾಧ್ಯವಿರಲಿಲ್ಲವಾದ್ದರಿಂದ ಬೀಳುವ ಅಪಾಯವೂ ಇರಲಿಲ್ಲ.

ಉದ್ಘಾಟನೆಯ ದಿನ ಸಾಹೇಬರು ರೇಲಿಂಗಿಗೆ ಕಟ್ಟಿದ್ದ ಕೆಂಪು ಪಟ್ಟಿಯನ್ನು ಕತ್ತರಿಸಿದರು. ಚಪ್ಪಾಳೆಯಾಯಿತು. ಪಟ್ಟಿ ಬಿತ್ತು, ರೇಲಿಂಗು ನಿಂತೇ ಇತ್ತು.

"ಹತ್ತೋದು ಹೇಗೆ?" ಎಂದರು ಸಾಹೇಬರು.

"ಎರಡನೇ ಹಂತದ ಯೋಜನೆಯಲ್ಲಿದೆ ಸಾರ್," ಎಂದರು ಎಸೆನ್‌ಬೆಕ್, ಕಣ್ಣು ಮಿಟುಕಿಸದೆ.

ಎರಡನೇ ಹಂತವೆಂದರೆ ರೇಲಿಂಗನ್ನು ದಾಟಲು ಒಂದು ಚಿಕ್ಕ ಮೆಟ್ಟಿಲು. ಆರು ಹತ್ತುವುದು, ಆರು ಇಳಿಯುವುದು. ಮೂರಕ್ಕಿಂತ ಹೆಚ್ಚು ಮೆಟ್ಟಿಲಿದ್ದಲ್ಲಿ ರೇಲಿಂಗು ಕಡ್ಡಾಯ. ಕನಿಶಾಯ್ ಈ ಬಾರಿ ಬಲು ಎಚ್ಚರದಿಂದ ಅದನ್ನು ಮೆಟ್ಟಿಲಿನ ಅಂಚಿಗೇ ಕೂರಿಸಿದಳು. ಎಸೆನ್‌ಬೆಕ್ ತಲೆಯಾಡಿಸಿದರು.

"ಇದು ಹೊಸ ಮಾದರಿ ಆಯ್ತಲ್ಲಮ್ಮ. ನಮ್ಮ ಹತ್ರ ಅನುಮೋದನೆ ಇರೋದು ಅಡ್ಡ ನಿಲ್ಲೋ ಮಾದರಿಗೆ ಮಾತ್ರ."

"ಅಡ್ಡ ನಿಂತ್ರೆ ಅದನ್ನೂ ದಾಟಬೇಕಲ್ಲ ಬಾಯ್ಕೆ!"

"ದಾಟೋಕೆ ಮೆಟ್ಟಿಲು ಹಾಕ್ತೀವಲ್ಲ. ನಾವೇನು ಜನರನ್ನ ಹಾಗೇ ಬಿಟ್ಬಿಡ್ತೀವಾ?"

ವಸಂತ ಬರುವಷ್ಟರಲ್ಲಿ ಇಂಥ ದಾಟುಮೆಟ್ಟಿಲುಗಳು ಹಜಾರದಲ್ಲಿ ಮೂರು, ಅಂಗಳದಲ್ಲಿ ನಾಲ್ಕು, ಬಸ್ ನಿಲ್ದಾಣದ ತನಕ ಮತ್ತೆರಡು ಆದವು. ಅಲ್ಲಿಂದಾಚೆ ರಸ್ತೆ ಇಲಾಖೆಯ ಜಾಗವಾದ್ದರಿಂದ ಪತ್ರ ವ್ಯವಹಾರ ಜಾರಿಯಲ್ಲಿದೆ. ಬಾಗಿಲಿಗೆ ಫಲಕ ಬಿತ್ತು: "ರೇಲಿಂಗು ದಾಟುವಾಗ ರೇಲಿಂಗನ್ನು ಹಿಡಿದುಕೊಳ್ಳತಕ್ಕದ್ದು."

ಕನಿಶಾಯ್ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದಳು. ಆದರೆ ಊರೆಲ್ಲ 'ಅಪಾ' ಎಂದು ಕರೆಯುವ ಅವಳ ಅಜ್ಜಿ ಬಾಲ್‌ಬುಬುವಿಗೆ ಮಂಡಿನೋವು ಜೋರಾಯಿತು, ಮಂಡಿ ವೈದ್ಯರು ಕೂರುವುದು ಮೇಲಿನ ಮಹಡಿಯಲ್ಲಿ. ಅಜ್ಜಿ ವೈದ್ಯರಿಗೆಂದು ಬೋರ್ಸೋಕ್ ಎಂಬ ಹಿಟ್ಟಿನ ತಿಂಡಿ ಕರಿದು ಗಂಟು ಕಟ್ಟಿಕೊಂಡು ಹೊರಟೇಬಿಟ್ಟಳು. ಮೊಮ್ಮಗಳು ತೋಳು ಹಿಡಿದಳು. ಐದನೆಯದರ ನೆತ್ತಿಯಲ್ಲಿ ಅಜ್ಜಿ ಏದುಸಿರು ಬಿಡುತ್ತ ನಿಂತಳು.

"ಯಾವ ಕತ್ತೆ ಗೀಚಿದ್ದೇ ಇದನ್ನ?"

ಕನಿಶಾಯ್ ತಲೆ ತಗ್ಗಿಸಿದಳು. "ನಾನೇ, ಅಪಾ."

ಅಜ್ಜಿ ರೇಲಿಂಗನ್ನು ಹಿಡಿದು ಅಲುಗಾಡಿಸಿ ನೋಡಿದಳು. "ಗಟ್ಟಿಯಾಗಿದೆ ಬಿಡು. ನಿಮ್ಮ ತಾತ ಹಾಕಿದ ಬೇಲಿ ಹಿಂಗಿರ್ಲಿಲ್ಲ."

ಮೇಲಿನ ಮಹಡಿಯಲ್ಲಿ ವೈದ್ಯರು ಅಜ್ಜಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಒಂಬತ್ತೂ ದಾಟಿದ್ರಾ? ಆಮೇಲೆ ಇಲ್ಲಿಗೂ ಹತ್ತಿದ್ರಾ?"

"ಹೂಂನಪ್ಪ."

"ನಿಮ್ಮ ಮಂಡಿಗೆ ಏನೂ ಆಗಿಲ್ಲ ಅಪಾ."

ಆ ವರ್ಷ ಮೇಲಕ್ಕೆ ತಲುಪಿದ ಒಬ್ಬರಿಗೂ ಮಂಡಿಯ ತೊಂದರೆ ಇರಲಿಲ್ಲ; ತೊಂದರೆ ಇದ್ದ ಒಬ್ಬರೂ ಮೇಲಕ್ಕೆ ತಲುಪಿರಲಿಲ್ಲ. ಪಟ್ಟಣದಲ್ಲಿ ಮಂಡಿನೋವು ನಿರ್ಮೂಲನೆಯಾಗಿದೆಯೆಂದು ಘೋಷಿಸಿ ಚಿಕಿತ್ಸಾಲಯಕ್ಕೆ ಪದಕ ಕೊಟ್ಟರು. ನೆರೆಯ ಪಟ್ಟಣಗಳಿಂದ ಅಧಿಕಾರಿಗಳು ಬಂದು ಅಳತೆ ತೆಗೆದುಕೊಂಡರು. ಮದುವೆಯ ದಿಬ್ಬಣಗಳು ಏಳನೆಯದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದವು; ಅಲ್ಲಿಂದ ಬೆಟ್ಟ ಚೆನ್ನಾಗಿ ಕಾಣುತ್ತದೆ.

ಮುಂದಿನ ಯೋಜನೆ ಸಂಗೀತ ಶಾಲೆ. ಕನಿಶಾಯ್ ಯಾರಿಗೂ ಹೇಳದೆ ರೇಲಿಂಗನ್ನು ಮೆಟ್ಟಿಲಿನ ಉದ್ದಕ್ಕೂ ನೀಟಾಗಿ ಕೂರಿಸಿ ಕಳಿಸಿದಳು. ಎಷ್ಟೋ ದಿನದ ನಂತರ ಅಂದು ಅವಳಿಗೆ ಊಟ ರುಚಿಸಿತು.

ನಕ್ಷೆ ಮೂರನೇ ದಿನ ಮರಳಿತು. ಜೂರಾ ಎಜೆಯ ಮುದ್ದಾದ ಕೈಬರಹ: "ಗಂಭೀರ ದೋಷ. ರೇಲಿಂಗು ಮೆಟ್ಟಿಲಿಗೆ ಅಂಟಿಕೊಂಡಿದೆ. ಯಾರು ಬೇಕಾದರೂ ಹತ್ತಿ ಹೋಗುವ ಸಂಭವವಿದೆ."

ಕನಿಶಾಯ್ ಅದನ್ನು ಎರಡು ಸಲ ಓದಿದಳು. ಮೆಟ್ಟಿಲನ್ನು ಒಮ್ಮೆ ಅಲುಗಾಡಿಸಿದಳು. ರೇಲಿಂಗು ನೆಲಕ್ಕಿಳಿದು ಅಡ್ಡ ನಿಂತಿತು. ಅದೇ ದಿನ ಅನುಮೋದನೆ ಸಿಕ್ಕಿತು. ಸಂಗೀತ ಶಾಲೆಯ ಮುಖ್ಯಸ್ಥರು ಸಂತೋಷದಿಂದ ಕೈಕುಲುಕಿ, ಪಿಯಾನೋ ದಾಟಿಸಲು ಎಷ್ಟು ಮೆಟ್ಟಿಲು ಬೇಕಾದೀತು ಎಂದಷ್ಟೇ ಕೇಳಿದರು.