ಗಂಟಲನ್ನು ನಂಬಿ ಕೆಲಸ ಬಿಟ್ಟೆ

ಧ್ವನಿ ಮಾರಿ ಬದುಕುವವನಿಗೆ ಅವಮಾನ ಆಗೋದಕ್ಕೆ ವಿಶೇಷ ಕಾರಣವೇನೂ ಬೇಕಿಲ್ಲ, ಬಾಯಿ ಬಿಟ್ಟರೆ ಸಾಕು. ವಾರಕ್ಕೊಂದಾದರೂ ಇಂಥದ್ದು ನಡೆದೇ ನಡೆಯುತ್ತೆ. ಇಲ್ಲಿ ಕೆಲವನ್ನು ಮಾತ್ರ ಬರೀತಿದ್ದೀನಿ. ಎಲ್ಲಾ ಬರೆದರೆ ನನ್ನ ಹೆಂಡತಿಗೆ ತಾನು ಯಾರನ್ನು ಕಟ್ಟಿಕೊಂಡೆ ಅಂತ ಮತ್ತೆ ನೆನಪಾಗುತ್ತೆ.

ಬೀಳ್ಕೊಡುಗೆ

ನಮ್ಮೂರು ತೊಂಡೇಬಾವಿ. ಗೌರಿಬಿದನೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಭಾನುವಾರ ಬಂದರೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಡಬ್ಬಿಂಗ್ ಧಾರಾವಾಹಿಗಳಲ್ಲಿ ಪೊಲೀಸು, ಪೂಜಾರಿ, ಸಾಯೋ ತಾತ, ಹೀಗೆ ಸಿಕ್ಕಿದ್ದಕ್ಕೆಲ್ಲ ಧ್ವನಿ ಕೊಟ್ಟು ಬರ್ತಿದ್ದೆ. ಒಂದು ದಿನ ಧೈರ್ಯ ಮಾಡಿ, ಇನ್ನು ಇದೇ ಪೂರ್ತಿ ಉದ್ಯೋಗ ಅಂತ ತೀರ್ಮಾನಿಸಿ, ಹೆಡ್ ಮೇಷ್ಟ್ರಿಗೆ ರಾಜೀನಾಮೆ ಕೊಟ್ಟೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ಯಾಕ್ರೀ, ಗಂಟಲಿಗೇನಾದ್ರೂ ಆಗಿದೆಯಾ?’

‘ಇಲ್ಲ ಸರ್. ಗಂಟಲಿಂದಲೇ ಬದುಕೋಣ ಅಂತ.’

‘ಇಷ್ಟು ದಿನ ಮೇಷ್ಟ್ರು ಕೆಲಸ ಮತ್ತಿನ್ಯಾತರಿಂದ ಮಾಡ್ತಿದ್ರಿ?’

ಬೀಳ್ಕೊಡುಗೆ ಸಭೆಯಲ್ಲಿ ಶಾಲು ಹೊದಿಸಿ, ಪೋಷಕರ ಎದುರಿಗೇ, ‘ನಮ್ಮ ಕನ್ನಡ ಮೇಷ್ಟ್ರು ಅನಾರೋಗ್ಯದ ನಿಮಿತ್ತ ನಮ್ಮನ್ನು ಅಗಲುತ್ತಿದ್ದಾರೆ’ ಅಂದುಬಿಟ್ಟರು. ಸಭೆ ಮುಗಿದ ಮೇಲೆ ಕೇಳಿದೆ. ‘ಸುಮ್ನಿರಪ್ಪ, ನಿಜ ಹೇಳಿದ್ರೆ ಮರ್ಯಾದೆ ಇರುತ್ತಾ?’ ಅಂದರು. ಗೌರಿಬಿದನೂರಿನ ಪೇಟೆಯಲ್ಲಿ ಈಗಲೂ ಹಳೇ ಪೋಷಕರು ಸಿಕ್ಕಿದರೆ ಕೈ ಹಿಡಿದುಕೊಂಡು, ‘ಈಗ ಹೆಂಗಿದೀರಾ, ಊಟ ಸೇರುತ್ತಾ?’ ಅಂತ ವಿಚಾರಿಸ್ತಾರೆ.

ಗೋಡೆಯಾಚೆ

ಕೆಲಸ ಬಿಟ್ಟ ಮೇಲೆ ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ ಹಿಡಿದೆವು. ನನ್ನ ಹೆಂಡತಿ ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತೆ. ಅವಳು ಹೊರಟ ಮೇಲೆ ನಾನು ಅವಳ ಸೀರೆ ಬೀರು ತೆಗೆದು, ಒಳಗೆ ಮೈಕು ಇಟ್ಟು, ತಲೆ ಮೇಲೆ ರಗ್ಗು ಹೊದ್ದುಕೊಂಡು ಕೂಗೋದು. ಅದೇ ನನ್ನ ಸ್ಟುಡಿಯೋ. ಆ ತಿಂಗಳು ಒಬ್ಬ ಖಳನಾಯಕನ ಪಾತ್ರ ಸಿಕ್ಕಿತ್ತು. ದಿನವಿಡೀ, ‘ನಿನ್ನ ಈ ಮನೆಯಿಂದ ಆಚೆ ಹಾಕಲಿಲ್ಲ ಅಂದ್ರೆ ನಾನು ಗಂಡಸೇ ಅಲ್ಲ’ ಅಂತ ಅಭ್ಯಾಸ.

ಸಂಜೆ ಪಕ್ಕದ ಮನೆಯ ಆಂಟಿ ನನ್ನ ಹೆಂಡತಿಯನ್ನು ಗೇಟಿನ ಹತ್ತಿರ ನಿಲ್ಲಿಸಿದರು. ‘ಹೊಡೀತಾನೇನಮ್ಮ?’

‘ಇಲ್ಲ ಆಂಟಿ. ಅದು ಅವರ ಕೆಲಸ.’

‘ಕೆಲಸ ಇಲ್ದೋರೆಲ್ಲ ಹಂಗೇ ಕೂಗಾಡೋದು. ನಮ್ ಭಾವನೂ ಹಂಗೇ ಇದ್ದ. ನೀನು ಬಗ್ಗಬೇಡ.’

ಮಾರನೇ ದಿನ ರಜೆ, ಹೆಂಡತಿ ಮನೆಯಲ್ಲೇ ಇದ್ದಳು. ನನಗೆ ಪಾತ್ರ ಬದಲಾಗಿತ್ತು, ಮಗಳನ್ನು ಕಳಕೊಂಡ ಅಪ್ಪ. ಬೀರು ಒಳಗೆ ತಲೆ ಹಾಕಿ, ‘ತಪ್ಪಾಯ್ತಮ್ಮ, ನನ್ನ ಕ್ಷಮಿಸಿಬಿಡಮ್ಮ’ ಅಂತ ಮಧ್ಯಾಹ್ನದವರೆಗೂ ಬಿಕ್ಕಿ ಬಿಕ್ಕಿ ಅತ್ತೆ. ಸಂಜೆ ಆಂಟಿ ಒಂದು ಡಬ್ಬಿ ತುಂಬ ಒಬ್ಬಟ್ಟು ತಂದು ನನ್ನ ಹೆಂಡತಿಯ ಕೈಗಿಟ್ಟು, ‘ಒಳ್ಳೇ ಕೆಲಸ ಮಾಡ್ದೆ ಕಣಮ್ಮ. ಕೈ ಹಂಗೇ ಬಿಗಿಯಾಗಿಟ್ಕೋ’ ಅಂದರು. ನನ್ನ ಹೆಂಡತಿ ಇಲ್ಲ ಅನ್ನಲಿಲ್ಲ. ಒಬ್ಬಟ್ಟು ತಗೊಂಡಳು.

ನಮ್ಮ ಕಡೆಯವನು

ಟೊಮೆಟೊ ಗಿಡಕ್ಕೆ ಹೊಡೆಯೋ ಔಷಧಿಯ ಜಾಹೀರಾತು. ‘ನಮಗೆ ಚಿಂತಾಮಣಿ ಕಡೆ ರೈತನ ಮಾತು ಬೇಕು’ ಅಂತ ಬೆಂಗಳೂರಿನ ಸ್ಟುಡಿಯೋದವರು ಕರೆದರು. ಚಿಂತಾಮಣಿ ನನ್ನ ತಾಯಿಯ ತವರು. ಬೇಸಿಗೆ ರಜೆಯೆಲ್ಲ ಅಲ್ಲಿನ ಟೊಮೆಟೊ ತೋಟದಲ್ಲೇ ಕಳೆದವನು ನಾನು. ಈ ಸಲ ದೇವರೇ ನನಗೋಸ್ಕರ ಬರೆದಿದ್ದಾನೆ ಅಂದುಕೊಂಡು ಹೋಗಿ ಓದಿದೆ.

ಕಿವಿಗೆ ಹೆಡ್‌ಫೋನ್ ಹಾಕಿದ್ದ ನಿರ್ದೇಶಕ ತಲೆ ಅಲ್ಲಾಡಿಸಿದ. ‘ಸರ್, ಆ ಕಡೆಯವರ ಥರ ಬರ್ತಿಲ್ಲ.’

‘ನಾನು ಆ ಕಡೆಯವನೇ.’

‘ಇರಬಹುದು ಸರ್. ಆದ್ರೆ ಕೇಳಿಸ್ಬೇಕಲ್ಲ.’

ಕೊನೆಗೆ ಬೆಂಗಳೂರಲ್ಲೇ ಹುಟ್ಟಿ ಬೆಳೆದ, ಟೊಮೆಟೊವನ್ನು ಸಾರಿನಲ್ಲಿ ಮಾತ್ರ ಕಂಡಿದ್ದ ಒಬ್ಬ ಯುವಕನನ್ನು ಆರಿಸಿದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ನಿರ್ದೇಶಕ, ‘ಹೆಂಗೂ ಬಂದಿದ್ದೀರಲ್ಲ, ಇವ್ರಿಗೆ ಒಂಚೂರು ಹೇಳ್ಕೊಟ್ಟು ಹೋಗಿ’ ಅಂದ. ಇಲ್ಲ ಅಂದರೆ ಮುಂದೆ ಕರೆಯಲ್ಲ. ಕೂತು, ಒಂದೊಂದೇ ಸಾಲು, ಎಲ್ಲಿ ಎಳೀಬೇಕು, ಎಲ್ಲಿ ನುಂಗಬೇಕು, ಎಲ್ಲಿ ತೆಲುಗು ಇಣುಕಬೇಕು, ಎಲ್ಲಾ ಬಾಯಿಪಾಠ ಮಾಡಿಸಿದೆ.

ಜಾಹೀರಾತು ಟಿ.ವಿ.ಯಲ್ಲಿ ಬಂದ ದಿನ ಚಿಂತಾಮಣಿಯಿಂದ ಸೋದರಮಾವ ಫೋನ್ ಮಾಡಿದರು. ‘ಎವರೋ ಮನವಾಡೇರಾ’ ಅಂತ ತೆಲುಗಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದರು. ‘ಯಾರೋ ನಮ್ಮ ಕಡೆಯೋನೇ ಕಣೋ. ಏನ್ ಮಾತಾಡಿದ್ದಾನೆ. ನೀನೂ ಇಷ್ಟು ವರ್ಷದಿಂದ ಮಾಡ್ತಿದ್ದೀಯ, ಅವನನ್ನ ಹುಡುಕ್ಕೊಂಡು ಹೋಗಿ ಒಂಚೂರು ಕಲ್ತ್ಕೋಬಾರ್ದಾ?’

ಮನೆ ಮಗ

ಶಿಡ್ಲಘಟ್ಟದಲ್ಲಿ ವಾರ್ಡ್ ಚುನಾವಣೆ. ಒಬ್ಬ ಅಭ್ಯರ್ಥಿಯ ಕಡೆಯವರು ಬಂದು ಪ್ರಚಾರದ ಮಾತು ರೆಕಾರ್ಡ್ ಮಾಡಿಸಿಕೊಂಡು ಹೋದರು. ಮಾರನೇ ದಿನ ಅವನ ಎದುರಾಳಿಯ ಕಡೆಯವರು ಬಂದರು. ಮದುವೆ ಓಲಗದವರನ್ನು ನೀವು ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಅಂತ ಯಾರೂ ಕೇಳಲ್ಲ. ಹಾಗೇ ಅಂದುಕೊಂಡು ಅವರಿಗೂ ಮಾಡಿಕೊಟ್ಟೆ.

ರೇಷ್ಮೆಗೂಡು ಮಾರುಕಟ್ಟೆ ಹತ್ತಿರದ ಇಕ್ಕಟ್ಟು ರಸ್ತೆಯಲ್ಲಿ ಎರಡು ಪ್ರಚಾರದ ಆಟೋಗಳು ಮುಖಾಮುಖಿಯಾದವು. ಇಬ್ಬರೂ ಹಿಂದೆ ತೆಗೆಯಲ್ಲ ಅಂತ ಹಟ. ಈ ಆಟೋದಲ್ಲಿ ನಾನು, ‘ಸುಳ್ಳು ಭರವಸೆಗಳಿಗೆ ಮರುಳಾಗದಿರಿ, ನಿಮ್ಮ ಮನೆ ಮಗನನ್ನೇ ಆರಿಸಿ’ ಅಂತೀನಿ. ಆ ಆಟೋದಲ್ಲಿ ನಾನೇ, ‘ಯಾರೋ ಮನೆ ಮಗ ಅಂತ ಬರ್ತಾರೆ, ನಂಬಬೇಡಿ’ ಅಂತ ಜವಾಬು ಕೊಡ್ತೀನಿ. ಗೂಡು ತಂದಿದ್ದ ರೈತರೆಲ್ಲ ವ್ಯಾಪಾರ ಬಿಟ್ಟು ಸುತ್ತ ನಿಂತರು. ನೂಲಿನ ಅಂಗಡಿಯ ಸಾಹೇಬರೊಬ್ಬರು ಗಡ್ಡ ನೀವುತ್ತಾ, ‘ಎರಡೂ ಒಂದೇ ಅಂತ ನಾನು ಹೇಳ್ತಾನೇ ಇದ್ದೆ. ಈಗ ನೀವೇ ಕೇಳಿಸ್ಕೊಳ್ಳಿ’ ಅಂದರಂತೆ.

ಇಬ್ಬರೂ ಸೋತರು, ಮೂರನೆಯವನ್ಯಾರೋ ಗೆದ್ದ. ಚುನಾವಣೆಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡದಿದ್ದ ಅವರು, ನಾವು ಸೋತಿದ್ದು ಆ ಗಂಟಲಿನಿಂದಲೇ ಅನ್ನೋ ಒಂದು ವಿಷಯದಲ್ಲಿ ಒಂದಾದರು. ಈಗ ಇಬ್ಬರೂ ಒಂದೇ ಪಕ್ಷದಲ್ಲಿದ್ದಾರೆ. ನನಗೆ ಆ ಊರಲ್ಲಿ ಪ್ರಚಾರದ ಕೆಲಸ ಇಲ್ಲ.

ಒಳ್ಳೆ ಸುದ್ದಿ

ಕಂಪ್ಯೂಟರ್‌ಗಳೇ ಮಾತಾಡೋಕೆ ಶುರು ಮಾಡಿದ ಮೇಲೆ ಸ್ಟುಡಿಯೋದವರು ನನ್ನನ್ನು ಕರೆಯೋದು ಬಹಳ ಕಮ್ಮಿ ಆಯ್ತು. ಸಾವಿನ ಸುದ್ದಿಗೆ ಮಾತ್ರ ಜನಕ್ಕೆ ಇನ್ನೂ ಮನುಷ್ಯನ ಗಂಟಲೇ ಬೇಕು. ಯಾರಾದರೂ ತೀರಿಕೊಂಡರೆ ಆಟೋಗೆ ಮೈಕು ಕಟ್ಟಿ ಊರೆಲ್ಲ ಸಾರಿಸ್ತಾರಲ್ಲ, ಆ ಧ್ವನಿ ನನ್ನದು. ‘ತಮ್ಮೆಲ್ಲರಿಗೂ ತಿಳಿಸುವುದೇನೆಂದರೆ, ಇಂದು ಬೆಳಿಗ್ಗೆ...’ ಅಂತ ಶುರುವಾದರೆ ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿನವರೆಗೆ ಹೆಂಗಸರು ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರ್ತಾರೆ.

ಅದೇ ಸಮಯಕ್ಕೆ ನನ್ನ ಹೆಂಡತಿ ತುಂಬು ಬಸುರಿ. ಓಡಾಡಬಾರದು ಅಂತ ಡಾಕ್ಟರು ಹೇಳಿದ್ದರಿಂದ ನಗರಗೆರೆಯ ತವರಿಗೆ ಕಳಿಸಿರಲಿಲ್ಲ. ಕೊಟ್ಟ ದಿನಾಂಕಕ್ಕೆ ಮೊದಲೇ ನೋವು ಬಂತು, ಬೆಳಗಾಗುತ್ತಲೇ ಹೆಣ್ಣು ಮಗು ಹುಟ್ಟಿತು. ಉಬ್ಬಸದ ಕಾಯಿಲೆಯ ನಮ್ಮಪ್ಪನೂ ಆಸ್ಪತ್ರೆಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಆ ಸಂಭ್ರಮದಲ್ಲೇ ಅತ್ತೆಗೆ ಫೋನ್ ಮಾಡಿದೆ. ಮಗಳು ಹುಟ್ಟಿದ್ದನ್ನು ಚೆನ್ನಾಗಿ, ಅಚ್ಚುಕಟ್ಟಾಗಿ ಹೇಳಬೇಕು ಅನ್ನೋ ಆಸೆ. ಬಾಯಿಗೆ ಬಂದಿದ್ದು ಮಾತ್ರ ರೂಢಿಯ ಸಾಲು.

‘ಅತ್ತೆ, ತಮ್ಮೆಲ್ಲರಿಗೂ ತಿಳಿಸುವುದೇನೆಂದರೆ, ಇವತ್ತು ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಆಸ್ಪತ್ರೆಯಲ್ಲಿ...’

ಅಷ್ಟೇ. ಆ ಕಡೆಯಿಂದ, ‘ಅಯ್ಯೋ ಬೀಗರೇ, ಹೋಗ್ಬಿಟ್ರಾ’ ಅಂತ ಗೋಳು ಕೇಳಿಸಿತು, ಫೋನು ಕೆಳಗೆ ಬಿತ್ತು. ನಾನು ಮತ್ತೆ ಮಾಡೋಣ ಅನ್ನುವಷ್ಟರಲ್ಲಿ ನನ್ನ ಫೋನಿನ ಚಾರ್ಜು ಮುಗಿದಿತ್ತು. ಹೆಂಡತಿಯ ಫೋನ್ ಅವಸರದಲ್ಲಿ ಮನೆಯಲ್ಲೇ ಉಳಿದಿತ್ತು. ಅತ್ತೆಯ ನಂಬರು ಬಾಯಿಪಾಠ ಇಲ್ಲ. ಚಾರ್ಜರ್ ಹುಡುಕಿಕೊಂಡು, ಇನ್ನೂ ಬಾಗಿಲು ತೆರೆಯದ ಅಂಗಡಿ ಅಂಗಡಿ ಎರಡು ಗಂಟೆ ಅಲೆದೆ.

ವಾಪಸ್ ಬರುವ ಹೊತ್ತಿಗೆ ಆಸ್ಪತ್ರೆ ಮುಂದೆ ಒಂದು ಟೆಂಪೊ. ನಗರಗೆರೆಯಿಂದ ನೆಂಟರೆಲ್ಲ ಇಳೀತಿದ್ದಾರೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದಾರೆ. ಮುಂದೆ ನಮ್ಮ ಮಾವ, ಕೈಯಲ್ಲಿ ದಪ್ಪ ಸೇವಂತಿಗೆ ಹಾರ. ಅವರ ಹಿಂದೆಯೇ ಓಡಿ ಒಳಗೆ ಹೋದೆ. ಕಾರಿಡಾರಿನಲ್ಲಿ ನಮ್ಮಪ್ಪ ಇಡ್ಲಿ ತಿನ್ನುತ್ತಾ ಕೂತಿದ್ದರು. ಬೀಗರನ್ನು ನೋಡಿ ಮುಖ ಅರಳಿತು.

‘ಬನ್ನಿ ಬನ್ನಿ. ಇಷ್ಟೊಂದು ಜನ ಬಂದ್ರಾ. ಹಾರ ಯಾರಿಗೆ?’

ಸೆರಗಿನೊಳಗಿನ ಅಳು ಅಲ್ಲಲ್ಲೇ ನಿಂತಿತು. ಅತ್ತೆ ನಮ್ಮಪ್ಪನನ್ನು ನೋಡಿದರು, ಇಡ್ಲಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದ ನೋಟ ನಾನು ಬರೆಯಲಾರೆ. ಮಾವ ಮಾತ್ರ ಊರಲ್ಲಿ ನಾಲ್ಕು ಪಂಚಾಯ್ತಿ ಮಾಡಿದ ಮನುಷ್ಯ. ಒಂದು ಕ್ಷಣ ಯೋಚಿಸಿದವರೇ ತಿರುಗಿ, ‘ಅಳಿಯಂದ್ರಿಗೆ’ ಅಂತ ಆ ಹಾರವನ್ನು ನನ್ನ ಕೊರಳಿಗೆ ಹಾಕಿಬಿಟ್ಟರು. ಏನು ನಡೀತಿದೆ ಅಂತ ತಿಳಿಯದ ನರ್ಸಮ್ಮ ಒಬ್ಬರು ಚಪ್ಪಾಳೆ ತಟ್ಟಿದರು. ನೆಂಟರೂ ಬೇರೆ ದಾರಿಯಿಲ್ಲದೆ ತಟ್ಟಿದರು.

ನಮ್ಮಪ್ಪನ ಕಣ್ಣು ತುಂಬಿ ಬಂತು. ನಾನು ಮೇಷ್ಟ್ರು ಕೆಲಸ ಬಿಟ್ಟ ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ ಅವರು. ಈಗ ಇಡ್ಲಿ ತಟ್ಟೆ ಪಕ್ಕಕ್ಕಿಟ್ಟು, ಹಾರ ಸರಿಮಾಡಿ, ‘ಕೊನೆಗೂ ನಿನ್ನ ಕೆಲಸಕ್ಕೆ ಬೀಗರು ಬೆಲೆ ಕೊಟ್ರು ನೋಡಪ್ಪ’ ಅಂದರು.

ಆ ಹಾರ ಯಾರಿಗೆ ತಂದಿದ್ದು ಅಂತ ಅವರಿಗೆ ಇವತ್ತಿನವರೆಗೂ ನಾವ್ಯಾರೂ ಹೇಳಿಲ್ಲ. ಈ ವೃತ್ತಿಯಲ್ಲಿ ನನಗೆ ಆಗಿರೋ ಸನ್ಮಾನ ಅದೊಂದೇ.