ಕಡಲು ಕಾಣದವಳ ಕೇಬಲ್ ದಾರಿ

ಈ ವಾರ ಏನೂ ಎಡವಟ್ಟಾಗಲಿಲ್ಲ ಅಂತ ನಮ್ಮ ಆಫೀಸಲ್ಲಿ ಯಾರಾದ್ರೂ ಬಾಯಿ ಬಿಟ್ಟು ಅಂದ್ರೆ ಸಾಕು, ಸಂಜೆಯೊಳಗೆ ಒಂದು ಆಗೇ ಆಗ್ತಿತ್ತು. ತಪ್ಪು ನಮ್ಮದು ಅಂತ ನಾನು ಇವತ್ತಿಗೂ ಒಪ್ಪಲ್ಲ. ಕೆಲಸವೇ ಅಂಥಾದ್ದು.

ಇದು ಎರಡು ಸಾವಿರದ ಏಳು, ಎಂಟರ ಮಾತು. ಹೊಸೂರಿನ ಮೂಕಂಡಪಲ್ಲಿಯಲ್ಲಿ ಕೆಳಗೆ ಲಾರಿ ಟೈರಿನ ಅಂಗಡಿ, ಮೇಲೆ ನಾವು ಎಂಟು ಜನ. ದೂರದ ದೇಶದಲ್ಲಿ ಗಾಳಿಯಂತ್ರಗಳನ್ನ ಸಮುದ್ರದ ಮಧ್ಯೆ ನಿಲ್ಲಿಸ್ತಾರೆ. ಅಲ್ಲಿ ಹುಟ್ಟಿದ ಕರೆಂಟು ದಡಕ್ಕೆ ಬರಬೇಕಾದ್ರೆ ಸಮುದ್ರದ ತಳದಲ್ಲಿ ಕೇಬಲ್ ಹೂಳಬೇಕು. ಅವರ ಹಡಗು ತಳದ ಚಿತ್ರ ತೆಗೆದು ಕಳಿಸ್ತದೆ. ಮುಳುಗಿದ ಹಡಗು, ಬಂಡೆ, ಬೇರೆಯವರ ಹಳೇ ಕೇಬಲ್ಲು, ಮೀನು ಹಿಡಿಯೋ ಜಾಗ, ಇಷ್ಟನ್ನೂ ತಪ್ಪಿಸಿ ಕೇಬಲ್ ಹೋಗೋ ದಾರಿಯನ್ನ ನಾವು ಕಂಪ್ಯೂಟರಲ್ಲಿ ಎಳೀಬೇಕು. ನಾನು ಕೆಲಮಂಗಲದವಳು, ಡಿಪ್ಲೊಮಾ ಓದಿದವಳು. ಸಮುದ್ರ ಅನ್ನೋದನ್ನ ಕ್ಯಾಲೆಂಡರಲ್ಲಿ ಬಿಟ್ಟು ಇನ್ನೆಲ್ಲೂ ಕಂಡವಳಲ್ಲ.

ಅದನ್ನೇ ನಮ್ಮ ಮ್ಯಾನೇಜರು ದಿನಾ ಎತ್ತಿ ಆಡೋರು. ಅವರು ತೂತ್ತುಕುಡಿ ಕಡೆಯವರು, ಸಮುದ್ರದ ದಡದಲ್ಲೇ ಹುಟ್ಟಿದವರು, ಮಾತಾಡೋದು ತಮಿಳು. ನಕ್ಷೆಯ ಮೂಲೇಲಿ ಒಂದು ಚೌಕ ಇರ್ತದೆ, ಅದರಲ್ಲಿ ದಾರಿ ಯೋಜಿಸಿದವರ ಹೆಸರಿನ ಅಕ್ಷರ ಹಾಕಬೇಕು. ಎರಡು ವರ್ಷದಿಂದ ದಾರಿ ಎಳೆಯೋಳು ನಾನು, ಚೌಕದಲ್ಲಿ ಅಕ್ಷರ ಅವರದ್ದು. ಕೇಳಿದ್ರೆ, ಸಮುದ್ರ ನೋಡದವರ ಹೆಸರು ಹಾಕಿದ್ರೆ ವಿದೇಶದವರು ನಗ್ತಾರಮ್ಮ ಅನ್ನೋರು. ಆ ಚೌಕದಲ್ಲಿ ನನ್ನ ಹೆಸರು ಬರದೆ ಈ ಆಫೀಸಿನ ಮೆಟ್ಟಿಲು ಇಳಿಯಲ್ಲ ಅಂತ ನಾನೂ ಹಟ ಹಿಡಿದಿದ್ದೆ.

ಬಸ್ಸಲ್ಲಿ ಹೂತದ್ದು

ಬೆಳಗಿನ ಬಸ್ಸು, ಕೆಲಮಂಗಲದಿಂದ ಹೊಸೂರಿಗೆ. ಕಾಲಿಡೋಕೆ ಜಾಗ ಇಲ್ಲ. ಅಷ್ಟರಲ್ಲಿ ಆಫೀಸಿಂದ ಫೋನು. ಕೇಬಲ್ ಎಷ್ಟು ಆಳಕ್ಕೆ ಹೋಗಬೇಕು ಅಂತ ಜೊತೆ ಕೆಲಸದವನು ಕೇಳ್ತಿದ್ದ, ಅರ್ಜೆಂಟು. ಇಂಜಿನ್ ಸದ್ದಿಗೆ ಅವನಿಗೆ ಕೇಳ್ತಿಲ್ಲ, ನಾನು ಕೂಗಿ ಹೇಳ್ದೆ.

"ಒಂದೂವರೆ ಮೀಟರ್ ಆಳಕ್ಕೆ ಹೂತ್ಬುಡು. ಅಲ್ಲಿ ಅಗೆಯಕ್ಕಾಗಲ್ಲ ಅಂದ್ರೆ ಮೇಲೆ ಕಲ್ಲು ಹೇರಿ ಮುಚ್ಬುಡು. ಮೀನು ಹಿಡಿಯೋರ ಬಲೆಗೆ ಸಿಗ್ಬಾರ್ದು ಅಷ್ಟೆ."

ಫೋನ್ ಇಟ್ಟು ನೋಡ್ತೀನಿ, ಇಡೀ ಬಸ್ಸು ತೆಪ್ಪಗಾಗಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಗೂನ ಎತ್ತಿ ಆ ಕಡೆ ತೊಡೆ ಮೇಲೆ ಕೂರಿಸ್ಕೊಂಡ್ಲು. ಕಾಲಿಡೋಕೆ ಜಾಗ ಇಲ್ಲದ ಬಸ್ಸಲ್ಲಿ ನನ್ನ ಸುತ್ತ ಒಂದು ಮೊಳ ಜಾಗ ಆಯ್ತು. ಕಂಡಕ್ಟರು ನಿಧಾನಕ್ಕೆ ಹತ್ತಿರ ಬಂದು, ಯಾರನ್ನ ಅಕ್ಕ ಹೂತಿದ್ದು ಅಂತ ಮೆತ್ತಗೆ ಕೇಳ್ದ. ನನಗೆ ಮೊದಲೇ ಸಿಟ್ಟು, ಎಲ್ಲರೂ ಹಿಂಗೆ ನೋಡಿದ್ರೆ ಯಾರಿಗೆ ಬರಲ್ಲ. ಕೇಬಲ್ ಕಣಪ್ಪ, ಕೇಬಲ್ ಅಂತ ಒದರಿದೆ.

ಅವನ ಮುಖ ಅರಳ್ತು. "ಒಳ್ಳೆ ಕೆಲಸ ಮಾಡ್ಸಿದ್ರಿ ಬುಡಕ್ಕ. ನಮ್ಮ ಬೀದಿ ಕೇಬಲ್‌ನೋನೂ ಅಷ್ಟೇಯ, ಧಾರಾವಾಹಿ ಟೈಮಿಗೇ ಲೈನ್ ಕಟ್ ಮಾಡ್ತಾನೆ."

ನಲವತ್ತು ಹಾಸಿಗೆ

ನಮ್ಮ ಕೇಬಲ್ಲು ಬೇರೆಯವರ ಹಳೇ ಕೇಬಲ್ಲನ್ನ ದಾಟಬೇಕಾದ ಕಡೆ ನಡುವೆ ಕಾಂಕ್ರೀಟಿನ ದಪ್ಪ ಚಾಪೆ ಹಾಸ್ತಾರೆ, ಒಂದು ಇನ್ನೊಂದನ್ನ ತಿಕ್ಕದಿರಲಿ ಅಂತ. ಈ ಕೆಲಸದವರು ಅದಕ್ಕೆ ಮ್ಯಾಟ್ರೆಸ್ ಅಂತಾರೆ. ಯಾಕಂತಾರೋ ಅವರನ್ನೇ ಕೇಳಬೇಕು. ನಾನು ಸಾಮಾನಿನ ಪಟ್ಟಿಯಲ್ಲಿ ಮ್ಯಾಟ್ರೆಸ್ ನಲವತ್ತು ಅಂತ ಬರೆದು ಕೊಟ್ಟಿದ್ದೆ. ಪಟ್ಟಿ ವಿದೇಶಕ್ಕೆ ಹೋಗಬೇಕಾದದ್ದು, ದಾರಿ ತಪ್ಪಿ ಸಾಮಾನು ತರಿಸೋ ನಮ್ಮ ರಾಯಕೋಟೆಯವರ ಮೇಜಿಗೆ ಹೋಯ್ತು. ಅವರು ಹೊಸದಾಗಿ ಸೇರಿದ್ರು, ಬಲು ಚುರುಕು.

ಮಾರನೇ ದಿನ ಆಫೀಸಿಗೆ ಬಂದ್ರೆ ಬಾಗಿಲಲ್ಲೇ ಹಾಸಿಗೆ ಅಂಗಡಿಯವರು ನಿಂತಿದಾರೆ, ಕಂಕುಳಲ್ಲಿ ಸುತ್ತಿದ ಹಾಸಿಗೆ ಒಂದು, ಕೈಯಲ್ಲಿ ಬಟ್ಟೆ ಮಾದರಿ. ಸಿಂಗಲ್ಲೋ ಡಬಲ್ಲೋ ಅಂತ ನನ್ನನ್ನೇ ಕೇಳಿದ್ರು. ಒಳಗಿಂದ ಮ್ಯಾನೇಜರು ಬಂದು ಎಲ್ಲರ ಎದುರಿಗೆ ನನ್ನ ಮೇಲೆ ಹರಿಹಾಯ್ದರು, ಪಟ್ಟಿ ಬರೆಯೋಕೂ ಬರಲ್ಲ, ಇನ್ನು ಹೆಸರು ಬೇರೆ ಬೇಕಂತೆ ಅಂತ. ನಾನು ಪಟ್ಟಿ ತಂದು ಮೇಜಿನ ಮೇಲೆ ಹಾಕ್ದೆ. ಒಂದಕ್ಷರ ತಪ್ಪಿದ್ರೆ ತೋರ್ಸಿ ಸಾರ್, ಇವತ್ತೇ ಮನೆಗೆ ಹೋಗ್ತೀನಿ ಅಂದೆ. ಅವರು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು, ಪಟ್ಟಿ ಮಡಚಿಟ್ಟು ಒಳಗೆ ಹೋದ್ರು. ತಪ್ಪಾಯ್ತು ಅಂತ ಒಂದು ಮಾತು ಅನ್ನಲಿಲ್ಲ ಮಹಾನುಭಾವರು.

ಹಾಸಿಗೆಯವರು ಪಾಪ ಇನ್ನೂ ನಿಂತೇ ಇದ್ರು. ಸುಳ್ಳು ಹೇಳಿ ಕಳಿಸೋಕೆ ಮನಸ್ಸು ಬರಲಿಲ್ಲ. ಇದರ ಮೇಲೆ ಯಾರೂ ಮಲಗಲ್ಲ ಅಣ್ಣ, ಸಮುದ್ರದ ತಳದಲ್ಲಿ ಹಾಸೋದು ಅಂದೆ. ಅವರು ನಗ್ತಾರೆ ಅಂದ್ಕೊಂಡ್ರೆ, ಇಲ್ಲ, ಕೆನ್ನೆ ಕೆರ್ಕೊಂಡು ಯೋಚನೆಗೆ ಬಿದ್ರು. ಮೂವತ್ತು ವರ್ಷ ಹಾಸಿಗೆ ಹೊಲಿದ ಮನುಷ್ಯ.

"ಅಂಗಾದ್ರೆ ಹತ್ತೀದು ಬ್ಯಾಡ ಕಣಮ್ಮ," ಅಂದ್ರು. "ತೆಂಗಿನ ನಾರಿಂದು ತಕ್ಕಳಿ. ನೆಂದ್ರೂ ಬೇಗ ಒಣಗ್ತದೆ."

ದೊಡ್ಡಪ್ಪನ ಅರ್ಜಿ

ಆ ವರ್ಷ ನಮ್ಮ ಕಡೆ ಕರೆಂಟಿನ ಕಾಟ ಅಂದ್ರೆ ಕಾಟ. ಬಂದದ್ದು ಗೊತ್ತಾಗೋದ್ರೊಳಗೆ ಹೋಗಿರ್ತಿತ್ತು. ನಾನು ಕರೆಂಟಿನ ಕೆಲಸದಲ್ಲಿದೀನಿ ಅಂತ ಅಮ್ಮ ಬೀದಿಗೆಲ್ಲ ಹೇಳ್ಕೊಂಡಿದ್ಲು. ಭಾನುವಾರ ಬಂತು ಅಂದ್ರೆ ಜಗಲಿ ತುಂಬ ಜನ. ಮೋಟರ್ ಓಡ್ತಿಲ್ಲ, ಫ್ಯಾನ್ ತಿರುಗ್ತಿಲ್ಲ, ನಿಮ್ಮ ಸಾಹೇಬರಿಗೆ ಒಂದು ಮಾತು ಹೇಳವ್ವ ಅಂತ. ನಂದು ಈ ಕರೆಂಟಲ್ಲ, ಬೇರೆ ದೇಶದ ಸಮುದ್ರದಡಿ ಹೋಗೋ ಕರೆಂಟು ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗ್ತು.

ನಮ್ಮ ದೊಡ್ಡಪ್ಪ ಎಲ್ಲ ಕೇಳಿಸ್ಕೊಂಡು ಎಲೆಅಡಿಕೆ ಉಗಿದು ಬಂದ್ರು. ಅಷ್ಟು ನೀರಲ್ಲಿ ಹಾಕಿದ್ರೂ ಅವರಿಗೆ ಕರೆಂಟ್ ನಿಲ್ಲಲ್ವಾ ಅಂತ ಕೇಳಿದ್ರು. ನಿಲ್ಲಲ್ಲ ಅಂದೆ, ಜಂಬದಿಂದಲೇ ಅಂದೆ, ನನ್ನ ಕೆಲಸ ಅಲ್ವಾ.

"ಅಂಗಾದ್ರೆ ಈ ಕಂಬ ಎಲ್ಲ ಕಿತ್ತಾಕ್ಸಿ ನಮ್ಮ ಕೆರೇಲಿ ಹೂತ್ಬುಡವ್ವ," ಅಂದ್ರು ದೊಡ್ಡಪ್ಪ. "ನೀರೂ ಇಲ್ಲ, ಅಗೆಯಕ್ಕೂ ಸುಲ್ಬ."

ಗುಂಡು

ಇನ್ನು ಇದೊಂದನ್ನ ನಾನು ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಹೇಳಿದಾಗೆಲ್ಲ ಒಂದು ಸುತ್ತು ಹೊಟ್ಟೆ ತಣ್ಣಗಾಗ್ತದೆ.

ಒಂದು ಹೊಸ ದಾರಿ ಎಳೀತಿದ್ದೆ. ಹಡಗಿನವರು ಕಳಿಸಿದ ಚಿತ್ರದಲ್ಲಿ ಒಂದು ಕಡೆ ಎರಡೇ ಎರಡು ಬಂಡೆ ಮರಳಿಂದ ಮೇಲೆ ಕಾಣ್ತಿತ್ತು, ಸುತ್ತ ಅಲ್ಲಲ್ಲಿ ಮರಳು ಸ್ವಲ್ಪ ಉಬ್ಬಿತ್ತು. ಬೇರೆ ಯಾರಾದ್ರೂ ಆಗಿದ್ರೆ ಎರಡು ಬಂಡೆ ನಡುವೆ ನೆಟ್ಟಗೆ ಗೆರೆ ಎಳೆದು ಊಟಕ್ಕೆ ಹೋಗೋರು. ಆದ್ರೆ ನಮ್ಮ ಕೆಲಮಂಗಲದ ಹೊಲ ನೋಡಿದವರಿಗೆ ಗೊತ್ತು, ಮೇಲೆ ಎರಡು ಕಂಡ ಕಡೆ ನೇಗಿಲಿಗೆ ಹತ್ತು ಸಿಗ್ತವೆ. ಅಪ್ಪ ಅಂಥ ಜಾಗಕ್ಕೆ ನೇಗಿಲೇ ಇಳಿಸ್ತಿರಲಿಲ್ಲ, ಸುತ್ತು ಹಾಕಿ ಹೋಗ್ತಿದ್ದ. ಸಮುದ್ರದಲ್ಲಿ ಕೇಬಲ್ ಹೂಳೋದೂ ನೇಗಿಲಿಂದಲೇ, ಹಡಗು ಎಳೆಯೋ ದೊಡ್ಡ ಕಬ್ಬಿಣದ ನೇಗಿಲು. ಹಾಗಾಗಿ ನಾನು ಅಲ್ಲಿ ದಾರಿಯನ್ನ ಎಡಕ್ಕೆ ಬಗ್ಗಿಸ್ದೆ. ಮರಳು ಉಬ್ಬಿದ ಕಡೆಯೆಲ್ಲ ಒಂದೊಂದು ಸೊನ್ನೆ ಸುತ್ತಿ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಗುಂಡು, ಗುಂಡು ಅಂತ ಬರೆದೆ. ನಮ್ಮ ಕಡೆ ಹೊಲದ ದುಂಡು ಬಂಡೆಗೆ ಗುಂಡು ಅಂತೀವಿ. ನನ್ನ ನೆನಪಿಗೆ ಬರ್ಕೊಂಡದ್ದು.

ಮ್ಯಾನೇಜರು ಹಿಂದೆ ಬಂದು ನಿಂತು ಗೆರೆ ಮಾತ್ರ ನೋಡಿದ್ರು. ಇದೇನಮ್ಮ ಡೊಂಕು, ಕೇಬಲ್ ಉದ್ದ ಆಗ್ತದೆ, ನೆಟ್ಟಗೆ ಮಾಡು ಅಂದ್ರು. ನಾನು ಬಂಡೆ ವಿಚಾರ ಹೇಳೋಕೆ ಬಾಯಿ ತೆಗೆದೆ. ಸಮುದ್ರ ನೋಡದೋಳು ಸಮುದ್ರದ ತಳದ ವಿಚಾರ ನನಗೆ ಹೇಳ್ತೀಯಾ ಅಂದ್ರು. ಅಲ್ಲಿಗೆ ನನ್ನ ತಾಳ್ಮೆ ಮುಗೀತು.

"ಸಾರ್, ನೀವು ನೋಡಿರೋದು ಸಮುದ್ರದ ಮೇಲ್ಗಡೆ," ಅಂದೆ. "ತಳ ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಅಲ್ಲಿಗೆ ಇಬ್ರೂ ಸಮ."

ಆಫೀಸಲ್ಲಿ ಎಲ್ಲರಿಗೂ ಒಟ್ಟಿಗೆ ಕೆಮ್ಮು ಬಂತು. ಮ್ಯಾನೇಜರು ಕೆಂಪಾಗಿ, ನಾಳೆ ಬೆಳಿಗ್ಗೆ ನೆಟ್ಟಗಿನ ನಕ್ಷೆ ಮೇಜಿನ ಮೇಲಿರಬೇಕು, ಇಲ್ಲ ಅಂದ್ರೆ ನೀನಿರಲ್ಲ ಅಂದು ಹೋದ್ರು. ಮನೆಗೆ ಹೋಗಿ ಅನ್ನ ಸೇರಲಿಲ್ಲ. ಕೆಲಸ ಹೋದ್ರೆ ಏನು ಗತಿ ಅನ್ನೋ ಹೆದರಿಕೆ ಇತ್ತು, ಇಲ್ಲ ಅನ್ನಲ್ಲ. ಆದ್ರೂ ಬೆಳಿಗ್ಗೆ ಡೊಂಕು ದಾರಿಯ ನಕ್ಷೆಯನ್ನೇ ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಟ್ಟೆ.

ಅವರು ವಿದೇಶದವರ ಜೊತೆ ಫೋನಲ್ಲಿ ಮಾತಾಡೋಕೆ ಅದನ್ನ ಹಿಡ್ಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಅರ್ಧ ಗಂಟೆ ಬಿಟ್ಟು ಹೊರಗೆ ಬಂದಾಗ ಹಣೆ ಮೇಲೆ ಬೆವರು. ನನ್ನ ಕಡೆ ನೋಡದೆ, ದಾರಿ ಡೊಂಕಾಗೇ ಇರಲಿ ಅಂದ್ರು. ಅಷ್ಟೇ. ನಾನು ಗೆದ್ದೆ ಅಂದ್ಕೊಂಡು ಎಲ್ಲರಿಗೂ ಟೀ ಹೇಳ್ದೆ. ಚೌಕದಲ್ಲಿ ಮಾತ್ರ ಅವರ ಅಕ್ಷರವೇ ಇತ್ತು.

ಮೂರು ವಾರ ಆದ ಮೇಲೆ ವಿದೇಶದಿಂದ ವರದಿ ಬಂತು. ಮ್ಯಾನೇಜರು ತಿರುಪತಿಗೆ ಹೋಗಿ ಅವತ್ತೇ ಬಂದಿದ್ರು. ನಾನೂ ನನ್ನ ಪಕ್ಕದ ಸೀಟಿನವಳೂ ವರದಿ ಓದಿದ್ವಿ. ಅವಳು ಕುಪ್ಪಂ ಕಡೆಯವಳು, ಮನೆಮಾತು ತೆಲುಗು. ವರದಿಯ ಮೊದಲ ಸಾಲಲ್ಲೇ, ನೀವು ಎಚ್ಚರಿಸಿದ ಪ್ರಕಾರ ಹಡಗು ಮತ್ತೆ ಹೋಗಿ ಹುಡುಕಿತು, ಬಾಂಬ್ ಒಂದೂ ಸಿಗಲಿಲ್ಲ ಅಂತಿತ್ತು. ನಮಗೆ ತಲೆಬುಡ ಅರ್ಥ ಆಗಲಿಲ್ಲ. ಬಾಂಬ್ ಅಂತ ಯಾರು ಅಂದದ್ದು? ಕೆಳಗೆ ಓದಿದ್ವಿ. ನೀವು ಸೊನ್ನೆ ಹಾಕಿದ ಪ್ರತಿಯೊಂದು ಜಾಗದಲ್ಲೂ ಮರಳಿನಡಿ ದೊಡ್ಡ ಬಂಡೆ ಇದೆ, ನೆಟ್ಟಗೆ ಹೋಗಿದ್ರೆ ನೇಗಿಲು ಮುರೀತಿತ್ತು, ಇದನ್ನ ಗುರುತಿಸಿದವರು ಯಾರು, ಮತ್ತೆ ಬಾಂಬ್ ಅಂತ ಯಾಕೆ ಹೇಳಿದ್ರಿ, ಎರಡಕ್ಕೂ ಉತ್ತರ ಬರೀರಿ.

ಮ್ಯಾನೇಜರು ನಮ್ಮಿಬ್ಬರ ಮೇಜಿನ ಹತ್ರ ಬಂದ್ರು. ಗುಂಡು ಅಂತ ಬರೆದದ್ದು ನೀನೇ ತಾನೆ ಅಂದ್ರು. ಹೌದು ಸಾರ್, ಬಂಡೆ ಅಂದೆ.

"ಗುಂಡು ಅಂದ್ರೆ ಬಾಂಬಲ್ವಾ?"

"ಅದು ನಿಮ್ಮ ತಮಿಳಲ್ಲಿ ಸಾರ್. ನಮ್ಮ ಕನ್ನಡದಲ್ಲಿ ಕಲ್ಲು."

ಅವರು ಕುರ್ಚಿಯಲ್ಲಿ ಕುಸಿದ್ರು. ಆಮೇಲೆ ಎಲ್ಲ ಹೊರಗೆ ಬಂತು. ಆ ಸಮುದ್ರದಲ್ಲಿ ಯುದ್ಧದ ಕಾಲದ ಸಿಡಿಯದ ಬಾಂಬುಗಳು ಬಿದ್ದಿರ್ತವೆ ಅಂತ ಈ ಕೆಲಸದಲ್ಲಿರೋರಿಗೆಲ್ಲ ಗೊತ್ತು. ಅವತ್ತು ಫೋನಲ್ಲಿ ಮಾತಾಡ್ತಾ ನಕ್ಷೆ ಬಿಚ್ಚಿದ ಮ್ಯಾನೇಜರು ಸಾಲಾಗಿ ಗುಂಡು, ಗುಂಡು ಅಂತ ಇದ್ದದ್ದು ನೋಡಿ, ನಮ್ಮ ಟೀಮು ಬಾಂಬ್ ಪತ್ತೆ ಮಾಡಿದೆ ಅಂತ ವಿದೇಶದವರಿಗೆ ಹೇಳಿಬಿಟ್ಟಿದಾರೆ. ಹಡಗು ಮತ್ತೆ ಹೊರಟಾಗ ಹೆದರಿ, ಅದು ಸಿಡಿಯದೆ ವಾಪಸ್ ಬಂದ್ರೆ ಮುಡಿ ಕೊಡ್ತೀನಿ ಅಂತ ಹರಕೆ ಬೇರೆ ಹೊತ್ತಿದಾರೆ. ತಿರುಪತಿಗೆ ಹೋದದ್ದು ಅದಕ್ಕೇ.

ನನಗೆ ಅಯ್ಯೋ ಅನ್ನಿಸ್ತು, ಆದ್ರೆ ಬಿಡೋ ಹೊತ್ತು ಅದಲ್ಲ. ಸಾರ್, ಚೌಕದಲ್ಲಿ ನಿಮ್ಮ ಅಕ್ಷರ ಇದ್ರೆ ಬಾಂಬಿಗೆ ನೀವೇ ಉತ್ತರ ಕೊಡಬೇಕು, ನನ್ನ ಅಕ್ಷರ ಇದ್ರೆ ದಾರಿ ಎಳೆದವರಿಗೆ ಬಂಡೆ ಅಂತ ಮೊದಲೇ ಗೊತ್ತಿತ್ತು, ಬಾಂಬ್ ಅಂದದ್ದು ಬರೀ ಭಾಷೆ ಎಡವಟ್ಟು ಅಂತ ಆಗ್ತದೆ, ನೀವೇ ನೋಡಿ ಅಂದೆ. ಅವರು ವರದಿಯ ಆ ಸಾಲನ್ನ ಇನ್ನೊಂದು ಸಲ ಓದಿದ್ರು. ಆಮೇಲೆ ಪೆನ್ ತಗೊಂಡು ತಮ್ಮ ಅಕ್ಷರ ಹೊಡೆದುಹಾಕಿ, ತಮ್ಮ ಕೈಯಾರೆ ನನ್ನದನ್ನ ಬರೆದ್ರು. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಹೇಳಲ್ಲ.

ಅಲ್ಲೇ ಉತ್ತರ ಬರೆಯೋಕೆ ಕೂತರು. ಸ್ಥಳೀಯ ಭಾಷೆಯಲ್ಲಿ ಗುಂಡು ಅಂದ್ರೆ, ಅಂತ ಜೋರಾಗಿ ಓದ್ತಾ ಬರೀತಿದ್ದ ಹಾಗೇ, ಅಷ್ಟೊತ್ತಿಂದ ದುಪ್ಪಟ್ಟಾ ಕಚ್ಚಿ ಕೂತಿದ್ದ ಕುಪ್ಪಂನವಳು ತಡೆಯಲಾರದೆ ಗೊಳ್ಳಂತ ನಕ್ಕು ಮೇಜಿನ ಕೆಳಗೆ ಬಗ್ಗಿದ್ಲು. ತೆಲುಗಿನಲ್ಲಿ ಗುಂಡು ಅಂದ್ರೆ ನುಣ್ಣಗೆ ಬೋಳಿಸಿದ ತಲೆ. ಮ್ಯಾನೇಜರು ಗಾಬರಿಯಾಗಿ ನನ್ನ ಕಡೆ ತಿರುಗಿ, ತೆಲುಗಲ್ಲಿ ಬೇರೆ ಏನಾದ್ರೂ ಅರ್ಥ ಇದ್ಯಾ, ಅದನ್ನೂ ಬರೀಬೇಕಾ ಅಂತ ಕೇಳಿದ್ರು.

"ಸಾರ್, ದಾರಿ ನಂದು, ಹೆಸರೂ ನಂದು," ಅಂದೆ. "ಬಂಡೆ ಅಂತ ಮಾತ್ರ ಬರ್ಕೊಳ್ಳಿ. ಇನ್ನೊಂದು ಗುಂಡು ಸಮುದ್ರದಲ್ಲಿಲ್ಲ, ಆಫೀಸಲ್ಲೇ ಇದೆ."

ಅವರು ಗಂಧ ಬಳಿದ ತಲೆ ಸವರಿಕೊಂಡು ಬರ್ಕೊಂಡ್ರು.